ಕತ್ತರಿಸಿದ ಕೂಡಲೇ ಕರಿಯಬೇಡಿ: ಗಾಡಿ ಫ್ರೈಸ್ ಮನೆಯಲ್ಲಿ ಮಾಡುವ ಕ್ರಮ

ಮೂರು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಕರಿದು ತಟ್ಟೆಗೆ ಹಾಕಿದ ಎರಡೇ ನಿಮಿಷಕ್ಕೆ ಫ್ರೈಸ್ ಮೆತ್ತಗಾಗಿ ಬಾಗುತ್ತವೆ. ಹೊರಗೆ ಕಂದು ಬಣ್ಣ ತಿರುಗಿದರೂ ಒಳಗೆ ಹಸಿ ಉಳಿದಿರುತ್ತದೆ. ಇಲ್ಲವೇ ಎಣ್ಣೆ ಕುಡಿದು ಬೆರಳಿಗೆಲ್ಲ ಜಿಡ್ಡು. ನಮ್ಮ ಚಿಕ್ಕಬಳ್ಳಾಪುರದಲ್ಲಿ ಸಂಜೆ ಹೊತ್ತು ಬಂದು ನಿಲ್ಲುವ ಟಾಟಾ ಏಸ್ ಗಾಡಿಯೊಂದರಲ್ಲಿ ಫ್ರೈಸ್ ತಿಂದವರು ಅದನ್ನೇ ಮನೆಯಲ್ಲಿ ಮಾಡಲು ಹೋಗಿ ಈ ಮೂರರಲ್ಲಿ ಒಂದಕ್ಕೆ ಸಿಕ್ಕಿಕೊಳ್ಳುತ್ತಾರೆ. ಅದೇ ಉರ್ಲಗಡ್ಡೆ (ಆಲೂಗಡ್ಡೆ), ಅದೇ ಎಣ್ಣೆ, ಅದೇ ಉಪ್ಪು. ಆದರೂ ಗಾಡಿಯ ಹದ ಬರುವುದಿಲ್ಲ.

ಕಾರಣ ಗಾಡಿಯ ಮುಂದೆಯೇ ಇದೆ. ಅಲ್ಲಿ ನಮ್ಮ ಕಣ್ಣೆದುರಿಗೆ ಲಿವರ್ ಒತ್ತಿ ಗಡ್ಡೆ ಕತ್ತರಿಸುತ್ತಾರೆ, ಪಕ್ಕದಲ್ಲೇ ಬಾಣಲೆಯಲ್ಲಿ ಕರಿಯುತ್ತಾರೆ. ಕತ್ತರಿಸಿದ್ದೇ ನೇರ ಬಾಣಲೆಗೆ ಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಹಲವು ಸಂಜೆ ಪಕ್ಕದಲ್ಲಿ ನಿಂತು ನೋಡಿದ ಮೇಲೆ ನನಗೆ ತಿಳಿದದ್ದು: ಈಗ ಕತ್ತರಿಸುತ್ತಿರುವುದು ಇನ್ನೆರಡು ಗಂಟೆ ಕಳೆದು ಬರುವವರಿಗೆ. ನಮ್ಮ ಕೈಗೆ ಸಿಗುವುದು ಮಧ್ಯಾಹ್ನವೇ ಕತ್ತರಿಸಿ, ತೊಳೆದು, ಬೇಯಿಸಿ, ಆರಿಸಿ, ಒಮ್ಮೆ ಕರಿದಿಟ್ಟದ್ದು. ಕೇಳಿದಾಗ ಅವರು ಏನನ್ನೂ ಮುಚ್ಚಿಡಲಿಲ್ಲ. “ಅಕ್ಕ, ಕರಿಯೋದು ಕೊನೇ ಕೆಲ್ಸ. ಎಲ್ರೂ ಅದ್ನೇ ಮೊದ್ಲು ಮಾಡ್ತಾರೆ,” ಅಂದರು.

ಅವರು ಹೇಳಿದ್ದನ್ನು ಮನೆಯ ಒಲೆಗೆ, ಮನೆಯ ಪಾತ್ರೆಗೆ ಹೊಂದಿಸಿಕೊಂಡು ಮಾಡುತ್ತಾ ಬಂದ ಕ್ರಮ ಇಲ್ಲಿದೆ. ಅಳತೆ ಒಂದು ಕೆಜಿ ಗಡ್ಡೆಗೆ, ನಾಲ್ಕು ಜನಕ್ಕೆ ಸಾಕು. ಒಟ್ಟು ಮೂರು ಗಂಟೆ ಬೇಕು, ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಗಡ್ಡೆ ತನ್ನ ಪಾಡಿಗೆ ನೆನೆಯುತ್ತ, ಆರುತ್ತ ಇರುತ್ತದೆ. ಸಂಜೆ ಆರಕ್ಕೆ ತಿನ್ನಬೇಕಾದರೆ ಮಧ್ಯಾಹ್ನ ಮೂರಕ್ಕೆ ಸಿಪ್ಪೆ ತೆಗೆಯಲು ಕೂರಿ.

## ಮೊದಲು ಹೊಂದಿಸಿಕೊಳ್ಳಬೇಕಾದದ್ದು

ದಪ್ಪ ತಳದ, ಆಳವಾದ ಬಾಣಲೆ ಒಂದು. ಕಬ್ಬಿಣದ್ದಾದರೆ ಒಳ್ಳೆಯದು, ಗಡ್ಡೆ ಬಿದ್ದಾಗಲೂ ಅದರ ಕಾವು ಬೇಗ ಇಳಿಯುವುದಿಲ್ಲ. ತೆಳು ಅಲ್ಯೂಮಿನಿಯಂ ಪಾತ್ರೆ ಈ ಕೆಲಸಕ್ಕೆ ಬೇಡ. ಪೂರಿ ತೆಗೆಯುವ ತೂತಿನ ಜಾಲರಿ, ಬಾಣಲೆಯನ್ನು ಪೂರ್ತಿ ಮುಚ್ಚುವಂಥ ಸ್ಟೀಲ್ ತಟ್ಟೆ, ಅಗಲವಾದ ಎರಡು ಪಾತ್ರೆ, ಒಗೆದು ಒಣಗಿಸಿದ ಹಳೆಯ ಕಾಟನ್ ಪಂಚೆ ಅಥವಾ ಟವೆಲು. ಪಂಚೆಯನ್ನು ಮರೆಯಬೇಡಿ, ಇಡೀ ಕೆಲಸದ ಅರ್ಧ ಗುಟ್ಟು ಅದರಲ್ಲಿದೆ.

ಅಡುಗೆ ಥರ್ಮಾಮೀಟರ್ ಇದ್ದರೆ ಕೆಲಸ ಸಲೀಸು. ಕೊಂಡ ದಿನವೇ ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸಿ. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹಾಗಾಗಿ ನಮ್ಮಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. 100 ತೋರಿಸಲಿಲ್ಲ ಎಂದು ಅದನ್ನು ಅಂಗಡಿಗೆ ವಾಪಸ್ ಒಯ್ಯಬೇಡಿ. 90 ಅಥವಾ 105 ತೋರಿಸಿದರೆ ಮಾತ್ರ ಒಯ್ಯಿರಿ.

ಎಣ್ಣೆ ಒಂದು ಲೀಟರ್. ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯಾಗಲಿ, ರಿಫೈನ್ಡ್ ಕಡಲೆಕಾಯಿ ಎಣ್ಣೆಯಾಗಲಿ ನಡೆಯುತ್ತದೆ. ಪಾವಗಡ, ಶಿರಾ ಕಡೆಯಿಂದ ಗಾಣದ ಕಡಲೆಕಾಯಿ ಎಣ್ಣೆ ತರಿಸುವ ಮನೆಗಳು ಬಹಳ ಇವೆ. ಒಗ್ಗರಣೆಗೆ ಅದರ ರುಚಿಯೇ ಬೇರೆ, ನಾನೂ ಬಳಸುತ್ತೇನೆ. ಆದರೆ ಇಲ್ಲಿ ಬೇಡ. ಶುದ್ಧೀಕರಿಸದ ಎಣ್ಣೆ ಬೇಗ ಹೊಗೆಯಾಡುತ್ತದೆ, ನೊರೆ ಉಕ್ಕುತ್ತದೆ. ನಮಗೆ ಬೇಕಾದ 180 ಡಿಗ್ರಿಯವರೆಗೆ ಅದನ್ನು ಕಾಯಿಸಿದರೆ ಎಣ್ಣೆಯೂ ಹಾಳು, ಫ್ರೈಸಿಗೂ ಸೀದ ವಾಸನೆ.

## ಹಂತ 1: ಗಡ್ಡೆ ಆರಿಸುವುದು

ಸೋತವರಲ್ಲಿ ಹೆಚ್ಚಿನವರು ಸೋತಿರುವುದು ಇಲ್ಲೇ, ತರಕಾರಿ ಅಂಗಡಿಯಲ್ಲೇ. ಆಮೇಲೆ ಏನು ಮಾಡಿದರೂ ಸರಿಹೋಗದ ತಪ್ಪು ಇದೊಂದೇ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗಡ್ಡೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲು ಪಿಷ್ಟ. ಪಿಷ್ಟ ಹೆಚ್ಚಿದ್ದು ನೀರು ಕಡಿಮೆಯಿದ್ದರೆ ಫ್ರೈಸ್ ಹೊರಗೆ ಗರಿಗರಿ, ಒಳಗೆ ಮೃದು. ನೀರು ಹೆಚ್ಚಿದ್ದರೆ ಒಳಗಿನ ಹಬೆ ಹೊರಗಿನ ಗರಿಯನ್ನು ನಿಮಿಷಗಳಲ್ಲೇ ಮೆತ್ತಗೆ ಮಾಡುತ್ತದೆ. ನಮ್ಮ ಕಡೆ ಬಹುಕಾಲದಿಂದ ಬೆಳೆಯುತ್ತ ಬಂದಿರುವ ಕುಫ್ರಿ ಜ್ಯೋತಿ ಪಲ್ಯಕ್ಕೆ, ಸಾಗುವಿಗೆ ಹೇಳಿ ಮಾಡಿಸಿದಂಥ ತಳಿ. ಫ್ರೈಸಿಗೂ ಆಗುತ್ತದೆ, ಆದರೆ ಆರಿಸಿಕೊಳ್ಳಬೇಕು. ಚಿಪ್ಸ್ ಮಾಡುವವರಿಗೆಂದೇ 1998ರಲ್ಲಿ ಬಿಡುಗಡೆಯಾದ ಕುಫ್ರಿ ಚಿಪ್ಸೋನಾದಂಥ ತಳಿಗಳಲ್ಲಿ ಪಿಷ್ಟ ಹೆಚ್ಚು, ಸಕ್ಕರೆ ಕಡಿಮೆ. ಸಿಕ್ಕರೆ ಬಿಡಬೇಡಿ. ಚಿಲ್ಲರೆ ಅಂಗಡಿಯಲ್ಲಿ ತಳಿಯ ಹೆಸರು ಕೇಳಿದರೆ ಉತ್ತರ ಸಿಗುವುದು ಕಷ್ಟ, ಮಂಡಿಯಲ್ಲಿ ಕೇಳಿ.

ಇನ್ನು ಕಾಲದ ಮಾತು. ಕೋಲಾರ, ಚಿಕ್ಕಬಳ್ಳಾಪುರದ ಹಿಂಗಾರು ಗಡ್ಡೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೊಲದಿಂದ ಬರುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಎದ್ದುಬರುವಷ್ಟು ಎಳೆಯದಾಗಿದ್ದರೆ ಅಂದೇ ಕರಿಯಬೇಡಿ. ಗೋಣಿಚೀಲದ ಮೇಲೆ ಹರಡಿ, ಬೆಳಕು ಬೀಳದ, ಗಾಳಿಯಾಡುವ ಕೋಣೆಯಲ್ಲಿ ಹತ್ತು ಹದಿನೈದು ದಿನ ಬಿಡಿ. ಸಿಪ್ಪೆ ಬಲಿಯುತ್ತದೆ, ನೀರು ಸ್ವಲ್ಪ ಇಳಿಯುತ್ತದೆ.

ಮಳೆಗಾಲದಿಂದ ಮುಂದಕ್ಕೆ ಉತ್ತರ ಭಾರತದ ಶೀತಲಗೃಹದಿಂದ ಬಂದ ಗಡ್ಡೆ ಅಂಗಡಿಗಳಲ್ಲಿ ಹೆಚ್ಚಿರುತ್ತದೆ. ಅಂಗಡಿಯವರು ಆಗ್ರಾ ಗಡ್ಡೆ ಎನ್ನುವುದು ಇದಕ್ಕೇ. ನೋಡಲು ನುಣುಪು, ಗಾತ್ರವೂ ಒಂದೇ ಸಮ. ತೊಂದರೆ ಒಳಗಿರುತ್ತದೆ. ತೀರಾ ತಣ್ಣಗಿನ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟ ಗಡ್ಡೆಯಲ್ಲಿ ಪಿಷ್ಟದ ಒಂದಷ್ಟು ಭಾಗ ಸಕ್ಕರೆಯಾಗಿ ಬದಲಾಗುತ್ತದೆ. ಆ ಸಕ್ಕರೆ ಬಿಸಿ ಎಣ್ಣೆಯಲ್ಲಿ ಬೇಗ ಕಪ್ಪಾಗುತ್ತದೆ. ಒಳಗೆ ಬೇಯುವ ಮೊದಲೇ ಹೊರಗೆ ಕಾಫಿ ಬಣ್ಣ ಬಂದರೆ ಕಾರಣ ಉರಿ ಹೆಚ್ಚಾಗಿದ್ದಲ್ಲ, ಈ ಸಕ್ಕರೆ. ಒಂದು ತುಂಡು ಬೇಯಿಸಿ ತಿಂದು ನೋಡಿ, ಗೆಣಸಿನ ನೆನಪು ತರುವ ಸಿಹಿ ಇದ್ದರೆ ಅಂಥ ಗಡ್ಡೆಯನ್ನು ಎರಡು ಮೂರು ವಾರ ಕೋಣೆಯ ಬಿಸುಪಿನಲ್ಲಿ ಕತ್ತಲಲ್ಲಿ ಇಟ್ಟು ಆಮೇಲೆ ಬಳಸಿ. ಸಕ್ಕರೆ ತಕ್ಕಮಟ್ಟಿಗೆ ಇಳಿಯುತ್ತದೆ. ಇದೇ ಕಾರಣಕ್ಕೆ ಮನೆಯ ಫ್ರಿಜ್ಜಿನಲ್ಲೂ ಹಸಿ ಗಡ್ಡೆ ಇಡಬಾರದು.

ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಗಡ್ಡೆಯನ್ನು ಎರಡು ಹೋಳು ಮಾಡಿ, ಕೊಯ್ದ ಮುಖಗಳನ್ನು ಒಂದಕ್ಕೊಂದು ಉಜ್ಜಿ. ಬಿಳಿ ನೊರೆ ಬಂದು ಹೋಳುಗಳು ಅಂಟಿಕೊಂಡರೆ ಪಿಷ್ಟ ಚೆನ್ನಾಗಿದೆ, ನೀರು ತೊಟ್ಟಿಕ್ಕಿ ಜಾರಿದರೆ ಪಲ್ಯಕ್ಕೆ ಎತ್ತಿಡಿ. ಇನ್ನೊಂದು ಉಪ್ಪುನೀರಿನ ಪರೀಕ್ಷೆ. ಒಂದು ಲೀಟರ್ ನೀರಿಗೆ 120 ಗ್ರಾಂ ಉಪ್ಪು ಪೂರ್ತಿ ಕರಗಿಸಿ ಇಡೀ ಗಡ್ಡೆಯನ್ನು ಬಿಡಿ. ಪಿಷ್ಟ ತುಂಬಿದ ಗಡ್ಡೆ ಭಾರ, ಮುಳುಗುತ್ತದೆ. ನೀರು ತುಂಬಿದ್ದು ತೇಲುತ್ತದೆ. ಮುಳುಗಿದ್ದನ್ನು ಫ್ರೈಸಿಗೆ ತೆಗೆದುಕೊಳ್ಳಿ. ಒಂದೇ ಚೀಲದ ಗಡ್ಡೆಗಳಲ್ಲಿ ಕೆಲವು ಮುಳುಗಿ ಕೆಲವು ತೇಲುವುದನ್ನು ನೋಡಿದರೆ, ಒಂದೇ ಬಾಣಲೆಯಲ್ಲಿ ಅರ್ಧ ಗರಿಯಾಗಿ ಅರ್ಧ ಮೆತ್ತಗಾಗುವುದು ಏಕೆಂದು ಅರ್ಥವಾಗುತ್ತದೆ.

ಎಚ್ಚರಿಕೆ: ಹಸಿರು ತಿರುಗಿದ ಗಡ್ಡೆ ಬೇಡವೇ ಬೇಡ. ಬೆಳಕಿಗೆ ಬಿದ್ದು ಹಸಿರಾದ ಗಡ್ಡೆಯಲ್ಲಿ ಸೊಲನಿನ್ ಎಂಬ ವಿಷ ಹೆಚ್ಚಿರುತ್ತದೆ, ಕರಿದರೂ ಬೇಯಿಸಿದರೂ ಅದು ಹೋಗುವುದಿಲ್ಲ. ಮೊಳಕೆ ಬಂದು ಸುಕ್ಕಾದದ್ದೂ ಬೇಡ.

## ಹಂತ 2: ಕತ್ತರಿಸುವುದು

ಸಿಪ್ಪೆ ತೆಗೆದು ತಕ್ಷಣ ನೀರಿಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಗಡ್ಡೆಯ ಒಂದು ಪಕ್ಕವನ್ನು ತೆಳ್ಳಗೆ ಸವರಿ ಸಮ ಮಾಡಿಕೊಂಡರೆ ಮಣೆಯ ಮೇಲೆ ಉರುಳದೆ ಕೂರುತ್ತದೆ. ಅಲ್ಲಿಂದ ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ, ಬಿಲ್ಲೆಯಿಂದ ಒಂದು ಸೆಂಟಿಮೀಟರ್ ಅಗಲದ ಕಡ್ಡಿ. ಮೊದಲ ಕಡ್ಡಿಯನ್ನು ಅಳತೆಗೆ ಇಟ್ಟುಕೊಂಡು ಉಳಿದದ್ದನ್ನು ಅದರ ಪಕ್ಕ ಹಿಡಿದು ನೋಡುತ್ತಿರಿ.

ದಪ್ಪ ಒಂದೇ ಸಮ ಇರುವುದೇ ಇಲ್ಲಿ ಮುಖ್ಯ. ಉದ್ದ ಹೆಚ್ಚು ಕಡಿಮೆಯಾದರೆ ಪರವಾಗಿಲ್ಲ. ಈಳಿಗೆ ಮಣೆಯಲ್ಲಿ ಕೈ ಪಳಗಿದವರು ಚಕಚಕನೆ ಹೆಚ್ಚಿಬಿಡುತ್ತಾರೆ, ಆದರೆ ಒಂದು ತುದಿ ದಪ್ಪ ಇನ್ನೊಂದು ಸಪೂರ ಆಗುವುದು ಅದರಲ್ಲೇ ಹೆಚ್ಚು. ಸಪೂರ ತುದಿ ಕರಕಲಾಗಿ ದಪ್ಪ ತುದಿ ಹಸಿಯಾಗಿ ಉಳಿಯುತ್ತದೆ. ಅಂಚಿನ ಚೂರುಪಾರುಗಳನ್ನು ಬೇರೆ ಬಟ್ಟಲಿಗೆ ಹಾಕಿ, ಮರುದಿನದ ಪಲ್ಯಕ್ಕಾಗುತ್ತದೆ.

## ಹಂತ 3: ತೊಳೆಯುವುದು, ನೆನೆಸುವುದು

ಕಡ್ಡಿಗಳನ್ನು ಅಗಲ ಪಾತ್ರೆಯಲ್ಲಿ ಹಾಕಿ ಅಕ್ಕಿ ತೊಳೆದಂತೆ ಕೈಯಾಡಿಸಿ ತೊಳೆಯಿರಿ. ಮೊದಲ ನೀರು ಹಾಲಿನಂತೆ ಬರುತ್ತದೆ. ಮೂರು ನಾಲ್ಕು ಸಲ ಬದಲಿಸಿ, ಪಾತ್ರೆಯ ತಳ ಕಾಣುವಷ್ಟು ನೀರು ತಿಳಿಯಾಗಬೇಕು. ಆಮೇಲೆ ತಣ್ಣೀರಿನಲ್ಲಿ ಮುಳುಗಿಸಿ ಮುಕ್ಕಾಲು ಗಂಟೆ ಬಿಡಿ. ಶೀತಲಗೃಹದ ಗಡ್ಡೆಯಾದರೆ ಎರಡು ಗಂಟೆ ಬಿಡಿ, ನಡುವೆ ಒಮ್ಮೆ ನೀರು ಬದಲಿಸಿ.

ಕೊಯ್ದ ಮುಖದ ಮೇಲೆ ಉಳಿದ ಪಿಷ್ಟ ಬಾಣಲೆಯಲ್ಲಿ ಗೋಂದಿನ ಕೆಲಸ ಮಾಡುತ್ತದೆ. ಕಡ್ಡಿಗಳು ಒಂದಕ್ಕೊಂದು ಅಂಟಿ ಉಂಡೆಯಾಗುವುದು ಅದರಿಂದಲೇ. ಮೇಲ್ಮೈಯ ಸಕ್ಕರೆಯೂ ಈ ನೀರಿಗೆ ಬಿಟ್ಟುಕೊಳ್ಳುವುದರಿಂದ ಬಣ್ಣ ಹದವಾಗಿ ಬರುತ್ತದೆ. ತೊಳೆದ ನೀರನ್ನು ಚೆಲ್ಲುವ ಮುಂಚೆ ಹತ್ತು ನಿಮಿಷ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಬಿಳಿ ಹಿಟ್ಟು ಗಟ್ಟಿಯಾಗಿ ಕೂರುತ್ತದೆ. ನಮ್ಮತ್ತೆ ಅದನ್ನು ಕಾಯಿಸಿ ಕಾಟನ್ ಸೀರೆಗೆ ಗಂಜಿ ಹಾಕುತ್ತಾರೆ.

## ಹಂತ 4: ಹುಳಿನೀರಿನಲ್ಲಿ ಬೇಯಿಸುವುದು

ಎರಡು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಿನೆಗರ್, ಒಂದು ದೊಡ್ಡ ಚಮಚ ಉಪ್ಪು. ವಿನೆಗರ್ ಇಲ್ಲದಿದ್ದರೆ ಒಂದು ನಿಂಬೆಹಣ್ಣಿನ ರಸ. ನೀರು ಕುದಿ ಬಂದಾಗ ಕಡ್ಡಿಗಳನ್ನು ಹಾಕಿ, ಉರಿ ಇಳಿಸಿ, ಸಣ್ಣ ಕುದಿಯಲ್ಲಿ ಆರೇಳು ನಿಮಿಷ ಬೇಯಿಸಿ.

ಈ ಹಂತ ಓದಿದ ಕೂಡಲೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬೇಯಿಸಿದರೆ ಮುದ್ದೆಯಾಗುವುದಿಲ್ಲವೇ ಎಂಬ ಭಯ. ಹುಳಿ ಇದ್ದರೆ ಆಗುವುದಿಲ್ಲ. ಗಡ್ಡೆಯ ಕಣಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಹುಳಿನೀರಿನಲ್ಲಿ ಬೇಗ ಕರಗುವುದಿಲ್ಲ. ಹುಣಸೆಹುಳಿ ಹಾಕಿದ ಮೇಲೆ ತರಕಾರಿ ಬೇಯಲು ತಡವಾಗುತ್ತದೆ ಎಂದು ಸಾರಿಗೆ ಹುಳಿಯನ್ನು ಕೊನೆಗೆ ಹಾಕುತ್ತೇವಲ್ಲ, ಅದೇ ಕಾರಣ. ಅಲ್ಲಿ ಅಡ್ಡಿಯಾದದ್ದು ಇಲ್ಲಿ ನೆರವಿಗೆ ಬರುತ್ತದೆ. ಒಳಗೆ ಬೆಂದರೂ ಕಡ್ಡಿಯ ಅಂಚು ಮುರಿಯುವುದಿಲ್ಲ. ಹುಳಿಯ ರುಚಿ ಕೊನೆಯಲ್ಲಿ ನಾಲಿಗೆಗೆ ತಿಳಿಯುವುದೂ ಇಲ್ಲ.

ಐದನೇ ನಿಮಿಷದಿಂದ ಒಂದೊಂದೇ ಕಡ್ಡಿ ತೆಗೆದು ಚಾಕುವಿನ ತುದಿ ಚುಚ್ಚಿ ನೋಡಿ. ತುದಿ ಸುಲಭವಾಗಿ ಒಳಗಿಳಿದು ನಡುವಿನಲ್ಲಿ ಸಣ್ಣ ತಡೆ ಸಿಕ್ಕರೆ ಇಳಿಸುವ ಹೊತ್ತು. ಕಡ್ಡಿಯನ್ನು ನಡುವೆ ಹಿಡಿದು ಎತ್ತಿದರೆ ತುದಿಗಳು ಸ್ವಲ್ಪ ಬಾಗಬೇಕು, ಮುರಿಯಬಾರದು. ನೀರು ಭೋರ್ಗರೆದು ಕುದಿಯುತ್ತಿದ್ದರೆ ಒಂದಕ್ಕೊಂದು ಬಡಿದು ಅಂಚು ಸವೆಯುತ್ತದೆ, ಅದಕ್ಕೇ ಸಣ್ಣ ಕುದಿ.

## ಹಂತ 5: ಆರಿಸುವುದು

ಜರಡಿಗೆ ಬಸಿದು, ಬಿಸಿಯಿರುವಾಗಲೇ ಪಂಚೆಯ ಮೇಲೆ ಒಂದೇ ಪದರವಾಗಿ ಹರಡಿ. ಮೇಲೆ ಮುಚ್ಚಬೇಡಿ. ಫ್ಯಾನ್ ಕೆಳಗೆ ಅರ್ಧ ಗಂಟೆ. ಮಳೆಗಾಲದಲ್ಲಿ ಮುಕ್ಕಾಲು ಗಂಟೆ ಬೇಕು. ಬಿಸಿ ಕಡ್ಡಿಯ ಮೇಲಿನ ನೀರು ಹಬೆಯಾಗಿ ತಾನೇ ಹೋಗುತ್ತದೆ, ತಣ್ಣಗಾದ ಮೇಲೆ ಹರಡಿದರೆ ಅದು ಹೋಗದೆ ಅಂಟಿಕೊಂಡೇ ಉಳಿಯುತ್ತದೆ.

ಆಗಿದೆ ಎನ್ನುವುದಕ್ಕೆ ಗುರುತು ಕಣ್ಣಿಗೇ ಕಾಣುತ್ತದೆ: ಹೊಳಪು ಹೋಗಿ ಮೇಲ್ಮೈ ಸುಣ್ಣ ಬಳಿದಂತೆ ಮಂಕಾಗುತ್ತದೆ, ಮುಟ್ಟಿದರೆ ಬೆರಳು ಒದ್ದೆಯಾಗುವುದಿಲ್ಲ. ಅಲ್ಲಿಯವರೆಗೆ ಒಲೆ ಹಚ್ಚಬೇಡಿ. ಒದ್ದೆ ಕಡ್ಡಿ ಬಾಣಲೆಗೆ ಬಿದ್ದರೆ ಎಣ್ಣೆಯ ಕಾವೆಲ್ಲ ಆ ನೀರನ್ನು ಹಬೆ ಮಾಡುವುದಕ್ಕೇ ಖರ್ಚಾಗುತ್ತದೆ. ಎಣ್ಣೆ ತಣ್ಣಗಾಗುತ್ತದೆ, ಉಕ್ಕುತ್ತದೆ, ಮುಖಕ್ಕೆ ಸಿಡಿಯುತ್ತದೆ. ನನ್ನ ಬಲಗೈ ಮಣಿಕಟ್ಟಿನ ಮೇಲೆ ಇರುವ ಸುಟ್ಟ ಗುರುತು ಹೀಗೆ ಅವಸರ ಮಾಡಿದ ಒಂದು ಭಾನುವಾರದ್ದು. ಈ ಅರ್ಧ ಗಂಟೆಯನ್ನು ದಯವಿಟ್ಟು ಕಡಿತ ಮಾಡಬೇಡಿ.

## ಹಂತ 6: ಮೊದಲ ಕರಿತ

ಬಾಣಲೆಯಲ್ಲಿ ಎಣ್ಣೆ ಅರ್ಧಕ್ಕಿಂತ ಮೇಲೆ ಬರಬಾರದು. 150ರಿಂದ 160 ಡಿಗ್ರಿಯವರೆಗೆ ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಕಡ್ಡಿ ಬಿಟ್ಟು ನೋಡಿ: ತಳಕ್ಕೆ ಹೋಗಿ, ಸುತ್ತ ಸಣ್ಣ ಗುಳ್ಳೆ ಎದ್ದು, ನಿಧಾನವಾಗಿ ಮೇಲೆ ಬಂದರೆ ಹದ. ಬಿಟ್ಟ ಕೂಡಲೇ ಚುರ್ ಎಂದು ತೇಲಿದರೆ ಕಾವು ಹೆಚ್ಚು, ಉರಿ ಇಳಿಸಿ ಎರಡು ನಿಮಿಷ ಕಾಯಿರಿ.

ಒಂದು ಲೀಟರ್ ಎಣ್ಣೆಗೆ ಒಂದು ಸಲಕ್ಕೆ 200 ಗ್ರಾಂ ಮೀರಬೇಡಿ, ಅಂದರೆ ಎರಡು ಹಿಡಿ. ಒಂದು ಕೆಜಿಗೆ ನಾಲ್ಕೈದು ಪಾಳಿಯಾಗುತ್ತದೆ. ಪಾಳಿಗೆ ಮೂರ್ನಾಲ್ಕು ನಿಮಿಷ. ಮೊದಲ ಒಂದು ನಿಮಿಷ ಜಾಲರಿ ಹಾಕಿ ಕಲಕಬೇಡಿ, ಮುರಿಯುತ್ತದೆ. ಆಮೇಲೆ ಮೆಲ್ಲಗೆ ಸರಿಸಿ. ಬಣ್ಣ ಬರಕೂಡದು. ತೆಗೆಯುವಾಗ ಕಡ್ಡಿ ಬಿಳಿಚಿಕೊಂಡೇ ಇರಬೇಕು, ಮೇಲೆ ತೆಳು ಪೊರೆ ಕಟ್ಟಿದಂತಿರಬೇಕು. ನೋಡಿದರೆ ಆಗಿಲ್ಲ ಎಂದೇ ಅನ್ನಿಸುತ್ತದೆ. ಇನ್ನೂ ಸ್ವಲ್ಪ ಬಿಡೋಣ ಎಂಬ ಆಸೆಯಿಂದ ಇಲ್ಲೇ ಬಣ್ಣ ಬರಿಸಿದವರಿಗೆ ಎರಡನೇ ಕರಿತದಲ್ಲಿ ಕರಕಲು ಸಿಗುತ್ತದೆ.

ಕರಿದದ್ದನ್ನು ತಂತಿಯ ಜಾಲಿಯ ಮೇಲೆ, ಇಲ್ಲದಿದ್ದರೆ ಹೊಸ ಮೊರದ ಮೇಲೆ ಹರಡಿ. ಪೇಪರ್ ಹಾಸಿದ ತಟ್ಟೆಯಲ್ಲಿ ರಾಶಿ ಹಾಕಿದರೆ ಕೆಳಗಿನದ್ದು ತನ್ನ ಹಬೆಯಲ್ಲೇ ಬೆವರುತ್ತದೆ.

## ಹಂತ 7: ತಣಿಯಲು ಬಿಡುವುದು

ಕಡಿಮೆಯೆಂದರೆ ಅರ್ಧ ಗಂಟೆ. ಒಳಗಿನ ನೀರು ಮೇಲ್ಮೈ ಕಡೆಗೆ ಬರುತ್ತದೆ, ಎರಡನೇ ಕರಿತದಲ್ಲಿ ಅದು ಹಾರಿಹೋಗಿ ಗರಿ ಗಟ್ಟಿಯಾಗುತ್ತದೆ. ಗಾಡಿಯಲ್ಲಿ ದೊಡ್ಡ ಟ್ರೇ ತುಂಬ ಬಿಳಿಚಿಕೊಂಡ ಫ್ರೈಸ್ ಕಾಣುವುದು ಈ ಹಂತದ್ದೇ. ಗಿರಾಕಿ ಬಂದಾಗ ಮೂರು ನಿಮಿಷದಲ್ಲಿ ಪೊಟ್ಟಣ ಕೈಗೆ ಬರಲು ಇದೇ ಕಾರಣ.

ನಾಳೆಗೆ, ಮುಂದಿನ ವಾರಕ್ಕೆ ಬೇಕಾದರೂ ನಿಲ್ಲಿಸಬೇಕಾದ ಜಾಗ ಇದು. ಪೂರ್ತಿ ತಣಿದ ಮೇಲೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿಡಿ, ಗಟ್ಟಿಯಾದ ಮೇಲೆ ಕವರಿಗೆ ತುಂಬಿ. ತಿಂಗಳೊಪ್ಪತ್ತು ಚೆನ್ನಾಗಿರುತ್ತದೆ. ಕರಿಯುವಾಗ ಹೊರಗಿಟ್ಟು ಕರಗಿಸಬೇಡಿ. ಅಂಟಿದ ಮಂಜಿನ ಪುಡಿಯನ್ನು ಕೊಡವಿ, ಸ್ವಲ್ಪ ಸ್ವಲ್ಪವಾಗಿ ನೇರ ಎಣ್ಣೆಗೆ ಬಿಡಿ.

## ಹಂತ 8: ಎರಡನೇ ಕರಿತ

ಎಲ್ಲರೂ ತಟ್ಟೆ ಹಿಡಿದು ಕೂತ ಮೇಲೆ ಇದನ್ನು ಶುರು ಮಾಡಿ, ಮುಂಚೆ ಬೇಡ. ಎಣ್ಣೆ 180ರಿಂದ 185 ಡಿಗ್ರಿ. ಕಡ್ಡಿ ಬಿಟ್ಟ ಕ್ಷಣವೇ ಸದ್ದು ಮಾಡಿ ತೇಲಬೇಕು. ಎಣ್ಣೆಯಿಂದ ನೀಲಿ ಹೊಗೆ ಎದ್ದರೆ ಮಿತಿ ಮೀರಿದೆ, ಉರಿ ಆರಿಸಿ.

ಪಾಳಿಗೆ ಎರಡರಿಂದ ಮೂರು ನಿಮಿಷ ಸಾಕು. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಹಾಕಿದಾಗ ಜೋರಾಗಿದ್ದ ಸದ್ದು ನೀರು ಹೋಗುತ್ತಿದ್ದಂತೆ ಇಳಿಯುತ್ತ ಬರುತ್ತದೆ, ಗುಳ್ಳೆಗಳೂ ಸಣ್ಣದಾಗುತ್ತವೆ. ಜಾಲರಿಯಲ್ಲಿ ಎತ್ತಿ ಕುಲುಕಿದರೆ ಒಣ ಕಡಲೆಕಾಯಿ ಅಲುಗಾಡಿಸಿದಂಥ ಸದ್ದು ಬರಬೇಕು. ಆಗ ತೆಗೆಯಿರಿ. ಪ್ರತಿ ಪಾಳಿಯ ನಡುವೆ ಎಣ್ಣೆ ಮತ್ತೆ 180ಕ್ಕೆ ಬರುವ ತನಕ ಕಾಯಿರಿ. ಮೊದಲ ತಟ್ಟೆ ಚೆನ್ನಾಗಿ ಬಂದು ಎರಡನೆಯದು ಎಣ್ಣೆ ಕುಡಿಯುವುದು ಈ ಒಂದು ನಿಮಿಷ ಕಾಯದೆ ಹೋದಾಗ.

ಬಣ್ಣ ಹೊಂಬಣ್ಣವಾಗಿರಲಿ, ಕಂದು ಆಗುವುದು ಬೇಡ. ರುಚಿಯ ಮಾತಷ್ಟೇ ಅಲ್ಲ. ಪಿಷ್ಟದ ಪದಾರ್ಥಗಳು 120 ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ ಕಂದಾಗುವಾಗ ಅಕ್ರಿಲಮೈಡ್ ಎಂಬ ವಸ್ತು ಹುಟ್ಟುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಡುಹಿಡಿದರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಕ್ಯಾನ್ಸರ್‌ಕಾರಕ ಎಂದು ಕಂಡುಬಂದಿದೆ. ಬಣ್ಣ ಕಪ್ಪಾದಷ್ಟೂ ಅದರ ಪ್ರಮಾಣ ಹೆಚ್ಚು. ಮಕ್ಕಳ ತಟ್ಟೆಗೆ ಕರಕಲು ತುದಿಗಳನ್ನು ಹಾಕಬೇಡಿ.

ಎಚ್ಚರಿಕೆ: ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಗ್ಯಾಸ್ ಆರಿಸಿ, ಪಕ್ಕದಲ್ಲಿಟ್ಟುಕೊಂಡ ಸ್ಟೀಲ್ ತಟ್ಟೆಯನ್ನು ಬಾಣಲೆಯ ಮೇಲೆ ಅಡ್ಡದಿಂದ ಸರಿಸಿ ಮುಚ್ಚಿ. ಅದು ತಣಿಯುವ ತನಕ ತೆಗೆಯಬೇಡಿ, ಬಾಣಲೆಯನ್ನು ಎತ್ತಿ ಓಡಬೇಡಿ. ಆ ತಟ್ಟೆಯನ್ನು ಮೊದಲೇ ಹೊಂದಿಸಿಕೊಳ್ಳಿ ಎಂದದ್ದು ಇದಕ್ಕೇ.

## ಹಂತ 9: ಉಪ್ಪು, ಖಾರ

ಎಣ್ಣೆಯಿಂದ ತೆಗೆದ ಅರ್ಧ ನಿಮಿಷದೊಳಗೆ ಉಪ್ಪು ಬೀಳಬೇಕು. ಮೇಲ್ಮೈಯ ತೆಳು ಎಣ್ಣೆ ಆರುವ ಮುಂಚೆ ಮಾತ್ರ ಅದು ಅಂಟುತ್ತದೆ. ಅಗಲ ಸ್ಟೀಲ್ ಬೋಗುಣಿಗೆ ಹಾಕಿ, ಪುಡಿ ಉಪ್ಪನ್ನು ಒಂದಡಿ ಎತ್ತರದಿಂದ ಉದುರಿಸಿ, ಮೊರ ಕೇರುವಂತೆ ಮೂರು ನಾಲ್ಕು ಸಲ ಎಸೆದು ಹಿಡಿಯಿರಿ. ಕೈಯಿಂದಾಗಲಿ ಸೌಟಿನಿಂದಾಗಲಿ ಕಲಸಬೇಡಿ. ಕಲ್ಲುಪ್ಪು ತಳದಲ್ಲೇ ಉಳಿಯುತ್ತದೆ.

ನಮ್ಮ ಗಾಡಿಯ ಮಸಾಲೆ ಸರಳ: ಎರಡು ಪಾಲು ಬ್ಯಾಡಗಿ ಮೆಣಸಿನ ಪುಡಿ, ಒಂದು ಪಾಲು ಚಾಟ್ ಮಸಾಲಾ, ಅರ್ಧ ಪಾಲು ಹುರಿದ ಜೀರಿಗೆ ಪುಡಿ. ಚಾಟ್ ಮಸಾಲಾದಲ್ಲೇ ಉಪ್ಪಿರುವುದರಿಂದ ಉಪ್ಪು ಕಡಿಮೆ ಮಾಡಿಕೊಳ್ಳಿ. ಕರಿಬೇವನ್ನು ಅದೇ ಎಣ್ಣೆಯಲ್ಲಿ ಗರಿಯಾಗಿ ಕರಿದು ಪುಡಿಮಾಡಿ ಸೇರಿಸುವುದು ನನ್ನ ಅಭ್ಯಾಸ. ನಿಂಬೆರಸವನ್ನು ಮೇಲೆ ಹಿಂಡಬೇಡಿ. ಮೂರು ಗಂಟೆ ಪಟ್ಟ ಶ್ರಮ ಆ ಒಂದು ಹನಿ ನೀರಿಗೆ ಮೆತ್ತಗಾಗುತ್ತದೆ. ಹುಳಿ ಬೇಕಾದವರು ಗಟ್ಟಿ ಮೊಸರಿಗೆ ಪುದೀನ, ಹಸಿಮೆಣಸಿನಕಾಯಿ, ನಿಂಬೆರಸ ಸೇರಿಸಿದ ಚಟ್ನಿ ಮಾಡಿಕೊಂಡು ಅದ್ದಿ ತಿನ್ನಲಿ.

## ಕೆಟ್ಟರೆ ಎಲ್ಲಿ ಹುಡುಕಬೇಕು

ಮೆತ್ತಗಾದರೆ ಮೊದಲು ಗಡ್ಡೆಯನ್ನು, ಆಮೇಲೆ ಪಂಚೆಯ ಮೇಲೆ ಆರಿಸಿದ್ದನ್ನು ಅನುಮಾನಿಸಿ. ಕರಿದ ಮೇಲೆ ಮುಚ್ಚಳ ಹಾಕಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ಎಣ್ಣೆ ಕುಡಿದಿದ್ದರೆ ಎಣ್ಣೆ ಕಾದಿರಲಿಲ್ಲ, ಇಲ್ಲವೇ ಒಂದೇ ಸಲಕ್ಕೆ ಜಾಸ್ತಿ ಹಾಕಿದಿರಿ. ಒಂದಕ್ಕೊಂದು ಅಂಟಿದ್ದರೆ ತೊಳೆದದ್ದು ಸಾಲಲಿಲ್ಲ. ಬೇಗ ಕಪ್ಪಾಗಿ ಒಳಗೆ ಹಸಿ ಉಳಿದರೆ ಸಿಹಿಗಟ್ಟಿದ ಗಡ್ಡೆ, ಅಥವಾ ಬೇಯಿಸುವ ಹಂತವನ್ನೇ ಬಿಟ್ಟಿದ್ದೀರಿ. ಒಳಗೆ ಟೊಳ್ಳಾಗಿ ಸಿಪ್ಪೆಯಂತಾದರೆ ಎರಡನೇ ಕರಿತ ಹೆಚ್ಚಾಗಿದೆ. ಬಾಣಲೆಯಲ್ಲೇ ಮುರಿದರೆ ನೀರಿಗೆ ಹುಳಿ ಹಾಕಿರಲಿಲ್ಲ, ಅಥವಾ ಮೊದಲ ನಿಮಿಷದಲ್ಲೇ ಕಲಕಿದಿರಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಗಡ್ಡೆ, ಎಣ್ಣೆ, ಹೊತ್ತು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

## ಉಳಿದ ಎಣ್ಣೆ

ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ, ಗಾಜಿನ ಬಾಟಲಿಯಲ್ಲಿ ಕತ್ತಲಲ್ಲಿಡಿ. ತಳದ ಕರಿ ಚೂರು ಉಳಿದರೆ ಎಣ್ಣೆ ಬೇಗ ಕೆಡುತ್ತದೆ. ಇನ್ನೊಂದು ಸಲ ಕರಿಯಲು ಬಳಸಬಹುದು. ಬಣ್ಣ ಗಾಢವಾಗಿ, ಅಂಟಂಟಾಗಿ, ಕಾಯಿಸಿದಾಗ ನೊರೆ ಇಳಿಯದೆ ನಿಂತರೆ ಅದರ ಆಯುಸ್ಸು ಮುಗಿದಿದೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇಕಡ 25 ಮೀರಿದರೆ ಆ ಎಣ್ಣೆ ಬಳಸಕೂಡದು ಎಂಬ ಆಹಾರ ಸುರಕ್ಷತಾ ನಿಯಮ ದೇಶದಲ್ಲಿ 2018ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯುವ ಸಾಧನ ಇರುವುದಿಲ್ಲ, ಕಣ್ಣು ಮೂಗನ್ನೇ ನಂಬಬೇಕು. ಕೆಟ್ಟ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೆ ಗಟ್ಟಿಯಾಗಿ ಕಟ್ಟುತ್ತದೆ.

## ಗಾಡಿಯಿಂದಲೇ ತರುವುದಾದರೆ

ಇಷ್ಟು ಓದಿ, ಇವತ್ತು ಮಾತ್ರ ಗಾಡಿಯಿಂದಲೇ ತರೋಣ ಎನ್ನಿಸಿದರೆ ಅದಕ್ಕೂ ಕ್ರಮವಿದೆ. ಮೊದಲು ಬಾಣಲೆಯ ಎಣ್ಣೆ ನೋಡಿ, ತಳ ಕಾಣುವಷ್ಟು ತಿಳಿಯಾಗಿದ್ದರೆ ಒಳ್ಳೆಯದು. ಟ್ರೇಯಲ್ಲಿ ಬಣ್ಣ ಬಂದು ಕಾಯುತ್ತಿರುವುದನ್ನು ತೆಗೆದುಕೊಳ್ಳಬೇಡಿ. “ಅಣ್ಣ, ನಮಗೆ ಬಿಸಿ ಹಾಕಿಕೊಡಿ, ಕಾಯ್ತೀವಿ” ಎಂದರೆ ಬೇಸರ ಪಡುವುದಿಲ್ಲ. ಪೇಟೆಯ ಉಳಿದ ಕೆಲಸವೆಲ್ಲ ಮುಗಿಸಿ ಕೊನೆಗೆ ಇಲ್ಲಿಗೆ ಬನ್ನಿ.

ಪಾರ್ಸೆಲ್ಲಿಗೆ ಪ್ಲಾಸ್ಟಿಕ್ ಡಬ್ಬಿ ಬೇಡ, ಬಾಯಿ ತೆರೆದ ಕಾಗದದ ಪೊಟ್ಟಣವೇ ಸರಿ. ಅಚ್ಚಾದ ಪೇಪರಿನ ಶಾಯಿ ಎಣ್ಣೆಗೆ ಬಿಡುವುದರಿಂದ ಹಳೆಯ ನ್ಯೂಸ್‌ಪೇಪರ್ ಬದಲು ಖಾಲಿ ಕಾಗದ ಕೇಳಿ. ಮಸಾಲೆಯನ್ನೂ ಚಟ್ನಿಯನ್ನೂ ಬೇರೆ ಕಟ್ಟಿಸಿ. ಸ್ಕೂಟರಿನ ಡಿಕ್ಕಿಯಲ್ಲಿ ಮುಚ್ಚಿಡದೆ ಹಿಂದೆ ಕೂತವರ ಕೈಗೆ ಕೊಡಿ, ಹತ್ತು ನಿಮಿಷದ ದಾರಿಯಾದರೆ ಗರಿ ಉಳಿಯುತ್ತದೆ.

ಮನೆಗೆ ಬರುವಷ್ಟರಲ್ಲಿ ಮೆತ್ತಗಾಗಿದ್ದರೆ ಮೈಕ್ರೋವೇವಿಗೆ ಇಡಬೇಡಿ, ರಬ್ಬರಾಗುತ್ತದೆ. ದೋಸೆ ಕಾವಲಿಯನ್ನು ಎಣ್ಣೆ ಹಾಕದೆ ಚೆನ್ನಾಗಿ ಕಾಯಿಸಿ, ಫ್ರೈಸನ್ನು ಒಂದೇ ಪದರವಾಗಿ ಹರಡಿ, ಮುಚ್ಚಳ ಹಾಕದೆ ಎರಡೆರಡು ನಿಮಿಷ ಮಗುಚಿ. ಅದರಲ್ಲಿರುವ ಎಣ್ಣೆಯೇ ಸಾಕು. ಮಸಾಲೆಯನ್ನು ಕಾವಲಿಯಿಂದ ಇಳಿಸಿದ ಮೇಲೆ ಉದುರಿಸಿ, ಬಿಸಿ ಕಾವಲಿಯ ಮೇಲೆ ಹಾಕಿದರೆ ಮೆಣಸಿನ ಪುಡಿ ಸೀದು ಮನೆಯವರೆಲ್ಲ ಕೆಮ್ಮುತ್ತಾರೆ.